ಸಭಾಕಂಪ ಕಳೆದದ್ದು ಸಭಿಕರ ಸಾಲಿನಲ್ಲಿ

ಸಭಾಕಂಪ ಇರುವವರಿಗೆ ಎಲ್ಲರೂ ಕೊಡುವ ಸಲಹೆ ಒಂದೇ: ಅವಕಾಶ ಸಿಕ್ಕಿದಾಗಲೆಲ್ಲ ಎದ್ದು ಮಾತನಾಡಿ, ಭಯ ತಾನಾಗಿಯೇ ಹೋಗುತ್ತದೆ. ನಾನೂ ಆ ಸಲಹೆಯನ್ನು ಪಾಲಿಸಿದೆ, ಅದರಿಂದ ಸ್ವಲ್ಪ ಪ್ರಯೋಜನವೂ ಆಯಿತು. ಆದರೆ ನನ್ನ ಮಾತಿಗೆ ಸ್ಥೈರ್ಯ ಬಂದದ್ದು ಬೇರೆಯವರ ಭಾಷಣಗಳನ್ನು ಹೊಣೆಯಿಂದ ಕೇಳಲು ಆರಂಭಿಸಿದ ಮೇಲೆ. ಮಾತನಾಡುವುದು ಮತ್ತು ಕೇಳುವುದು ಸಂಬಂಧವಿಲ್ಲದ ಎರಡು ಅಭ್ಯಾಸಗಳೆಂದು ತಿಳಿದು ಮೊದಲನೆಯದರಲ್ಲೇ ಶ್ರಮಪಡುತ್ತಿರುವವರಿಗೆ ಉಪಯೋಗಕ್ಕೆ ಬರಬಹುದೆಂದು ಇದನ್ನು ಬರೆಯುತ್ತಿದ್ದೇನೆ.

ನಾನು ಅಭ್ಯಾಸಕ್ಕೆಂದು ಸೇರಿದ್ದು ಟೋಸ್ಟ್‌ಮಾಸ್ಟರ್ಸ್ ಕ್ಲಬ್ ಒಂದಕ್ಕೆ. ರಾಲ್ಫ್ ಸ್ಮೆಡ್ಲಿ 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ಆರಂಭಿಸಿದ ಈ ಸಂಸ್ಥೆಯ ಸಭೆಗಳಲ್ಲಿ ಪಾಠ ಹೇಳುವ ಗುರು ಇರುವುದಿಲ್ಲ. ಸದಸ್ಯರೇ ಸರದಿಯಂತೆ ಭಾಷಣ ಮಾಡುತ್ತಾರೆ, ಸದಸ್ಯರೇ ಅದನ್ನು ಪರಿಶೀಲಿಸುತ್ತಾರೆ. ಸಾಮಾನ್ಯ ಭಾಷಣಕ್ಕೆ 5ರಿಂದ 7 ನಿಮಿಷಗಳ ಅವಧಿ ಇದ್ದು, ಐದಕ್ಕೆ ಹಸಿರು, ಆರಕ್ಕೆ ಹಳದಿ, ಏಳಕ್ಕೆ ಕೆಂಪು ದೀಪ ಬೆಳಗುತ್ತದೆ. ಮಾತಿನ ನಡುವೆ ನುಸುಳುವ ‘ಆ’, ‘ಅಂದರೆ’, ‘ಏನಂದರೆ’ಗಳನ್ನು ಎಣಿಸಲೆಂದೇ ಒಬ್ಬರಿರುತ್ತಾರೆ. ಇವೆಲ್ಲವೂ ಉಪಯುಕ್ತವೇ, ಆದರೆ ನನ್ನನ್ನು ಬದಲಾಯಿಸಿದ್ದು ಮೌಲ್ಯಮಾಪಕನ ಪಾತ್ರ. ಪ್ರತಿ ಭಾಷಣಕ್ಕೂ ಒಬ್ಬ ಮೌಲ್ಯಮಾಪಕನನ್ನು ಮೊದಲೇ ಗೊತ್ತುಮಾಡಿರುತ್ತಾರೆ. ಭಾಷಣದಲ್ಲಿ ಯಾವುದು ಮನಮುಟ್ಟಿತು, ಯಾವುದನ್ನು ತಿದ್ದಿಕೊಂಡರೆ ಚೆನ್ನ ಎಂಬುದನ್ನು ಅವನು ಅದೇ ಸಭೆಯ ಮುಂದೆ ನಿಂತು 2ರಿಂದ 3 ನಿಮಿಷಗಳೊಳಗೆ ಹೇಳಬೇಕು. ಅಂದರೆ ಗಮನವಿಟ್ಟು ಕೇಳದ ಹೊರತು ಮಾತನಾಡಲು ಏನೂ ಇರುವುದಿಲ್ಲ.

ಆ ಪಾತ್ರಕ್ಕಾಗಿ ನಾನು ರೂಢಿಸಿಕೊಂಡ ಕ್ರಮ ಬಹಳ ಸರಳವಾದದ್ದು. ಹಾಳೆಯ ನಡುವೆ ಗೆರೆ ಎಳೆದು, ಎಡಭಾಗದಲ್ಲಿ ಭಾಷಣಕಾರರು ಆಡಿದ ಮಾತನ್ನು ಅವರದೇ ಪದಗಳಲ್ಲಿ ಬರೆದುಕೊಳ್ಳುವುದು, ಬಲಭಾಗದಲ್ಲಿ ಆ ಕ್ಷಣದಲ್ಲಿ ನನಗಾದದ್ದನ್ನು ಗುರುತಿಸುವುದು: ‘ಇಲ್ಲಿ ನಗು ಬಂತು’, ‘ಇಲ್ಲಿ ಎಳೆ ತಪ್ಪಿತು’, ‘ಈ ಉದಾಹರಣೆ ಯಾವ ಮಾತಿಗೆ ಎಂದು ತಿಳಿಯಲಿಲ್ಲ’. ಎರಡನ್ನೂ ಬೇರೆಯಾಗಿಡುವುದೇ ಇದರ ಸತ್ವ. ನಾವು ಕೇಳಿದೆವೆಂದು ನಂಬುವುದರಲ್ಲಿ ದೊಡ್ಡ ಪಾಲು ನಮ್ಮದೇ ಅಭಿಪ್ರಾಯವಾಗಿರುತ್ತದೆ. ಎಡಭಾಗ ಖಾಲಿಯಾಗಿದ್ದು ಬಲಭಾಗ ತುಂಬಿಕೊಂಡಿದ್ದರೆ ಅದು ಕಣ್ಣಿಗೇ ಕಾಣುತ್ತದೆ.

ಮನಸ್ಸು ಅಲೆಯುವುದು ಮಾತ್ರ ತಕ್ಷಣ ನಿಲ್ಲಲಿಲ್ಲ. ಕೇಳುವಿಕೆಯನ್ನು ಅಧ್ಯಯನ ಮಾಡಿದ ಮಿನ್ನೆಸೋಟ ವಿಶ್ವವಿದ್ಯಾಲಯದ ರಾಲ್ಫ್ ನಿಕೋಲ್ಸ್ 1950ರ ದಶಕದಲ್ಲೇ ಇದರ ಕಾರಣವನ್ನು ವಿವರಿಸಿದ್ದರು: ಸಾಮಾನ್ಯ ಮಾತಿನ ವೇಗ ನಿಮಿಷಕ್ಕೆ ಸುಮಾರು 125 ಪದಗಳು, ಯೋಚನೆಯ ವೇಗ ಅದಕ್ಕಿಂತ ಬಹಳ ಹೆಚ್ಚು. ಅವರ ಲೆಕ್ಕ ಇಂಗ್ಲಿಷ್ ಮಾತಿನದು. ಕನ್ನಡದಲ್ಲಿ ಪದಗಳು ಪ್ರತ್ಯಯಗಳೊಡನೆ ಉದ್ದವಾಗುವುದರಿಂದ ಸಂಖ್ಯೆ ಅದೇ ಇರಲಾರದು, ಆದರೆ ಉಳಿಯುವ ಬಿಡುವು ಇದ್ದೇ ಇರುತ್ತದೆ. ಆ ಬಿಡುವಿನಲ್ಲಿಯೇ ಮನಸ್ಸು ನಾಳೆಯ ಕೆಲಸಕ್ಕೋ ಸಂಜೆಯ ಚಿಂತೆಗೋ ಹೊರಟುಹೋಗುತ್ತದೆ. ಅದನ್ನು ಬಲವಂತದಿಂದ ಹಿಡಿದಿಡುವ ಬದಲು ಅದಕ್ಕೊಂದು ಕೆಲಸ ಕೊಡುವುದು ಫಲಕಾರಿ ಎಂದು ನನಗೆ ಮನವರಿಕೆಯಾಯಿತು. ಇವರು ಈಗ ಯಾವ ಕಡೆ ಹೊರಟಿದ್ದಾರೆ, ಇದುವರೆಗಿನ ಮಾತನ್ನು ಒಂದೇ ವಾಕ್ಯದಲ್ಲಿ ಹೇಳುವುದಾದರೆ ಏನು, ಈ ಮಾತಿಗೆ ಆಧಾರವೇನು ಎಂದು ಒಳಗೊಳಗೇ ಕೇಳಿಕೊಳ್ಳುತ್ತಿದ್ದರೆ ಆ ಬಿಡುವೂ ಭಾಷಣಕ್ಕೇ ವಿನಿಯೋಗವಾಗುತ್ತದೆ.

ಹೀಗೆ ಹಲವು ಭಾಷಣಗಳನ್ನು ಹತ್ತಿರದಿಂದ ಕೇಳಿದ ಮೇಲೆ, ನಾನು ಹುಡುಕದೇ ಇದ್ದ ಒಂದು ತಿಳಿವಳಿಕೆ ಸಿಕ್ಕಿತು. ಭಾಷಣ ಮುಗಿಸಿ ಬಂದವರು ‘ಕೈ ಎಷ್ಟು ನಡುಗುತ್ತಿತ್ತು, ನೋಡಿದಿರಾ’ ಎಂದು ಕೇಳುತ್ತಿದ್ದರು. ಅವರನ್ನೇ ಎವೆಯಿಕ್ಕದೆ ಗಮನಿಸುತ್ತಿದ್ದ ನನಗೆ ಅಂಥದ್ದೇನೂ ಕಂಡಿರುತ್ತಿರಲಿಲ್ಲ. ಮನಶ್ಶಾಸ್ತ್ರಜ್ಞರಾದ ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೋವಿಚ್ 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸುತ್ತದೆ: ತಮ್ಮ ಅಳುಕು ಸಭಿಕರಿಗೆ ಕಾಣುತ್ತಿದೆಯೆಂದು ಭಾಷಣಕಾರರು ಭಾವಿಸುವಷ್ಟು ಅದು ಕಾಣುವುದಿಲ್ಲ, ಮತ್ತು ಈ ಸಂಗತಿಯನ್ನು ಮುಂಚಿತವಾಗಿ ತಿಳಿಸಿದವರ ಭಾಷಣಗಳು ತಿಳಿಸದವರ ಭಾಷಣಗಳಿಗಿಂತ ಉತ್ತಮವಾಗಿದ್ದವು. ಇದನ್ನು ಓದಿ ತಿಳಿಯುವುದಕ್ಕೂ ಸಭಿಕರ ಸಾಲಿನಲ್ಲಿ ಕುಳಿತು ಸ್ವತಃ ಕಾಣುವುದಕ್ಕೂ ಬಹಳ ಅಂತರವಿದೆ. ನನಗೆ ಬೇರೆಯವರ ನಡುಕ ಕಾಣದಿದ್ದರೆ ನನ್ನದೂ ಅವರಿಗೆ ಕಾಣಲಾರದು ಎಂಬ ನಂಬಿಕೆ ಆಗ ಮೈಗೂಡಿತು, ಮತ್ತು ನಡುಕವನ್ನು ಮುಚ್ಚಿಡಲು ವ್ಯಯವಾಗುತ್ತಿದ್ದ ಶಕ್ತಿ ವಿಷಯದ ಕಡೆಗೆ ತಿರುಗಿತು.

ಎದೆಬಡಿತ ಈಗಲೂ ಇದೆ. ಅದನ್ನು ಅಡಗಿಸಲು ಪ್ರಯತ್ನಿಸುವುದಿಲ್ಲ. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣಕ್ಕೆ ಮುನ್ನ ‘ನಾನು ಶಾಂತವಾಗಿದ್ದೇನೆ’ ಎಂದುಕೊಂಡವರಿಗಿಂತ ‘ನಾನು ಉತ್ಸಾಹದಲ್ಲಿದ್ದೇನೆ’ ಎಂದುಕೊಂಡವರು ಚೆನ್ನಾಗಿ ಮಾತನಾಡಿದ್ದರು. ಭಯದಲ್ಲೂ ಉತ್ಸಾಹದಲ್ಲೂ ದೇಹ ಒಂದೇ ಬಗೆಯಲ್ಲಿ ಎಚ್ಚರಗೊಂಡಿರುವುದರಿಂದ ಒಂದನ್ನು ಇನ್ನೊಂದಾಗಿ ಸ್ವೀಕರಿಸುವುದು ಸುಲಭ. ಬಡಿಯುತ್ತಿರುವ ಎದೆಗೆ ಶಾಂತವಾಗು ಎನ್ನುವುದು ಕಷ್ಟ. ಇದರ ಜೊತೆಗೆ, ಏಳುವ ಮೊದಲು ಉಸಿರನ್ನು ಒಳಗೆ ಎಳೆದುಕೊಳ್ಳುವುದಕ್ಕಿಂತ ಹೆಚ್ಚು ನಿಧಾನವಾಗಿ ಹೊರಬಿಡುತ್ತೇನೆ. ನನ್ನ ಮಟ್ಟಿಗೆ ಇಷ್ಟು ಸಾಕಾಗಿದೆ.

ಸಿದ್ಧತೆಯ ವಿಷಯದಲ್ಲಿ ಒಂದೇ ಮಾತು ಹೇಳುತ್ತೇನೆ: ಭಾಷಣವನ್ನು ಪೂರ್ತಿ ಬಾಯಿಪಾಠ ಮಾಡಬಾರದು. ಆರಂಭದ ಎರಡು ಮೂರು ವಾಕ್ಯಗಳೂ ಕೊನೆಯ ವಾಕ್ಯವೂ ಮಾತ್ರ ಕಂಠಸ್ಥವಾಗಿರಲಿ. ನಡುವೆ ಮಾತಿನ ಮೆಟ್ಟಿಲುಗಳು ಗೊತ್ತಿದ್ದರೆ ಸಾಕು. ಬಾಯಿಪಾಠದ ಭಾಷಣದಲ್ಲಿ ಗಮನವೆಲ್ಲ ಮುಂದಿನ ಪದದ ಮೇಲಿರುವುದರಿಂದ ಎದುರಿಗಿರುವವರ ಮುಖವೇ ಕಾಣುವುದಿಲ್ಲ. ಸಭಿಕರು ಬಾಯಿ ತೆರೆಯದಿದ್ದರೂ ಉದ್ದಕ್ಕೂ ಉತ್ತರ ಕೊಡುತ್ತಲೇ ಇರುತ್ತಾರೆ, ಹುಬ್ಬು ಗಂಟಿಕ್ಕಿದರೆ ಇನ್ನೊಂದು ಉದಾಹರಣೆ ಬೇಕೆಂದು, ಕುರ್ಚಿಯಲ್ಲಿ ಮಿಸುಕಾಡಿದರೆ ಈ ಭಾಗ ಸಾಕೆಂದು. ಒಬ್ಬರ ಮುಖವನ್ನು ನೋಡುತ್ತ ಒಂದು ವಾಕ್ಯವನ್ನು ಮುಗಿಸಿ, ನಿಂತು, ಅನಂತರ ಮತ್ತೊಬ್ಬರತ್ತ ತಿರುಗುವ ಅಭ್ಯಾಸದಿಂದ ನನಗೆ ಈ ಉತ್ತರಗಳು ಕಾಣತೊಡಗಿದವು. ‘ಅಂದರೆ’, ‘ಏನಂದರೆ’ಗಳೂ ಇದರಿಂದಲೇ ಕಡಿಮೆಯಾದವು, ಏಕೆಂದರೆ ಅವು ತುಂಬುತ್ತಿದ್ದ ಜಾಗದಲ್ಲಿ ಈಗ ಮೌನ ಇರುತ್ತದೆ. ಆ ಮೌನ ನಮಗೆ ದೀರ್ಘವೆನಿಸುತ್ತದೆ, ಕೇಳುವವರಿಗೆ ಅದು ಅರ್ಥಮಾಡಿಕೊಳ್ಳಲು ಸಿಕ್ಕ ಸಮಯ.

ಪ್ರಶ್ನೋತ್ತರದ ಹೊತ್ತಿನಲ್ಲಿ ಕೇಳುವಿಕೆಯ ನಿಜವಾದ ಪರೀಕ್ಷೆಯಾಗುತ್ತದೆ. ಹತ್ತು ಭಾಷೆಗಳ ಸಂಭಾಷಣೆಗಳನ್ನು ಅಳೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಆರಂಭವಾಗುವ ನಡುವಿನ ಅಂತರ ಸರಾಸರಿ ಸೆಕೆಂಡಿನ ಐದನೆಯ ಒಂದು ಭಾಗದ ಆಸುಪಾಸಿನಲ್ಲಿದೆ. ಅಷ್ಟರಲ್ಲಿ ವಾಕ್ಯವನ್ನು ಯೋಚಿಸಿ ಕಟ್ಟಲು ಸಾಧ್ಯವಿಲ್ಲವಾದ್ದರಿಂದ, ಪ್ರಶ್ನೆ ಇನ್ನೂ ನಡೆಯುತ್ತಿರುವಾಗಲೇ ನಾವು ಉತ್ತರವನ್ನು ಹೆಣೆಯಲು ತೊಡಗಿರುತ್ತೇವೆ. ಹರಟೆಯಲ್ಲಿ ಇದರಿಂದ ತೊಂದರೆಯಿಲ್ಲ. ಆದರೆ ಸಭೆಯಲ್ಲಿ ಪ್ರಶ್ನೆಯ ತಿರುಳು ಬಹುಪಾಲು ಕೊನೆಯಲ್ಲೇ ಬರುತ್ತದೆ. ಹಿಂಜರಿಯುತ್ತ ಎದ್ದ ವ್ಯಕ್ತಿ ಪೀಠಿಕೆ ಹಾಕಿ, ಸುತ್ತಿಬಳಸಿ, ಕಟ್ಟಕಡೆಗೆ ತನಗೆ ಬೇಕಾದದ್ದನ್ನು ಕೇಳುತ್ತಾನೆ. ಆದ್ದರಿಂದ ಪ್ರಶ್ನೆ ಪೂರ್ತಿಯಾಗುವವರೆಗೆ ಉತ್ತರವನ್ನು ಯೋಚಿಸದೆ, ಮುಗಿದ ಮೇಲೆ ಒಂದು ಉಸಿರಿನಷ್ಟು ತಡೆದು, ‘ನೀವು ಕೇಳುತ್ತಿರುವುದು ಇದಲ್ಲವೇ’ ಎಂದು ನನ್ನ ಮಾತಿನಲ್ಲಿ ಮರಳಿ ಹೇಳುತ್ತೇನೆ. ಇಡೀ ಸಭೆಗೆ ಪ್ರಶ್ನೆ ಕೇಳಿಸುತ್ತದೆ, ನನಗೆ ಯೋಚಿಸಲು ಸಮಯ ಸಿಗುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ ಕೇಳಿದವರಿಗೆ ತಮ್ಮ ಮಾತು ತಲುಪಿತೆಂಬ ಸಮಾಧಾನ ಆಗುತ್ತದೆ.

ಮರಳಿ ಹೇಳುವ ಈ ಕ್ರಮ ನನ್ನದಲ್ಲ. ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1950ರ ದಶಕದ ಆರಂಭದಲ್ಲಿ, ವಾದ ನಡೆಯುವಾಗ ಎದುರಾಳಿಯ ವಿಚಾರವನ್ನೂ ಭಾವನೆಯನ್ನೂ ಅವರಿಗೆ ಒಪ್ಪಿಗೆಯಾಗುವಂತೆ ಮರಳಿ ಹೇಳಿದ ಮೇಲೆಯೇ ತನ್ನ ಮಾತನ್ನು ಆಡಬೇಕೆಂಬ ನಿಯಮವನ್ನು ಸೂಚಿಸಿದ್ದರು. ಇದನ್ನು ಮನೆಯಲ್ಲೂ ಕೆಲಸದಲ್ಲೂ ಪಾಲಿಸುತ್ತ ಬಂದಿದ್ದೇನೆ. ‘ಅವರಿಗೆ ಒಪ್ಪಿಗೆಯಾಗುವಂತೆ’ ಎಂಬ ಷರತ್ತೇ ಇದರ ಜೀವ. ಎದುರಿಗಿರುವವರು ‘ಹಾಗಲ್ಲ, ನಾನು ಹೇಳಿದ್ದು ಬೇರೆ’ ಎಂದು ತಿದ್ದಿದರೆ ಅದನ್ನು ಸೋಲೆಂದು ತಿಳಿಯಬಾರದು. ಮನಸ್ಸಿನಲ್ಲಿದ್ದ ವಿಷಯ ಹಲವು ಸಲ ಆ ತಿದ್ದುಪಡಿಯಲ್ಲೇ ಮೊದಲ ಬಾರಿಗೆ ಸ್ಪಷ್ಟವಾಗಿ ಹೊರಬರುತ್ತದೆ. ಆಡಿದ ಪದಗಳನ್ನೇ ಯಾಂತ್ರಿಕವಾಗಿ ಒಪ್ಪಿಸಿದರೆ ಮಾತ್ರ ಕೇಳುವವರಿಗೆ ಕಿರಿಕಿರಿ, ಅದರಿಂದ ಏನೂ ಸಾಧಿಸಿದಂತಾಗುವುದಿಲ್ಲ.

ಈಗ ಮುಖ್ಯವಾದ ಭಾಷಣ ಇರುವಾಗ ಅದನ್ನು ಮೊದಲು ವಿಷಯ ತಿಳಿಯದ ಒಬ್ಬರ ಮುಂದೆ ಹೇಳುತ್ತೇನೆ. ‘ಹೇಗಿತ್ತು’ ಎಂದು ಕೇಳುವುದಿಲ್ಲ, ಏಕೆಂದರೆ ‘ಚೆನ್ನಾಗಿತ್ತು’ ಎಂಬ ಉತ್ತರದಿಂದ ಕೆಲಸವಿಲ್ಲ. ‘ನಾನು ಏನು ಹೇಳಿದೆ, ನಿಮ್ಮ ಮಾತಿನಲ್ಲಿ ಹೇಳಿ’ ಎಂದು ಕೇಳಿ, ನಡುವೆ ಬಾಯಿ ಹಾಕದೆ ಬರೆದುಕೊಳ್ಳುತ್ತೇನೆ. ಅವರ ಮಾತಿನಲ್ಲಿ ಯಾವ ಅಂಶ ಬಿಟ್ಟುಹೋಗಿರುತ್ತದೋ ಆ ಭಾಗವನ್ನು ಅವರಿಗೆ ಮತ್ತೆ ವಿವರಿಸಲು ಹೋಗದೆ, ಭಾಷಣದಲ್ಲಿಯೇ ಹೊಸದಾಗಿ ಬರೆಯುತ್ತೇನೆ.