ಗಂಟು ಬಿಚ್ಚಬೇಡಿ: ನಮ್ಮ ಸಮಿತಿಯ ಹಳೆ ಕಾಗದ ಉಳಿಸಿದ ಅನುಭವ

ಅಂಕೋಲೆಯ ನಮ್ಮ ಅರಣ್ಯ ಹಕ್ಕು ಸಮಿತಿಯ ಕಚೇರಿ ಅಂದ್ರೆ ಹೆಂಚಿನ ಮಾಡಿನ ಒಂದು ಬಾಡಿಗೆ ಕೋಣೆ. ಅರ್ಜಿಗಳ ನಕಲು, ಸಭೆಯ ನಡಾವಳಿ, ಧರಣಿಯ ಫೋಟೊ, ಎಲ್ಲಾ ಟ್ರಂಕು ಮತ್ತು ಗೋಣಿಚೀಲದಲ್ಲಿ. ಅದನ್ನು ಹಸನು ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ನಮ್ಮ ಕರಾವಳಿಯಲ್ಲಿ ಈ ಕೆಲಸ ಮಳೆಗಾಲದಲ್ಲಿ ಶುರು ಮಾಡಬಾರದು. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಕೈ ಹಾಕಿದೆ. ಬೂಷ್ಟು ಹಿಡಿದದ್ದನ್ನು ಬೇರೆ ಇಟ್ಟು ಜಗಲಿಯ ನೆರಳಲ್ಲಿ ಒಣಗಿಸಿ, ಮಾಸ್ಕ್ ಹಾಕಿಕೊಂಡು ಹೊರಗೇ ಮೆತ್ತನೆ ಬ್ರಷ್‌ನಿಂದ ಉಜ್ಜಿದೆ. ಬಿಸಿಲಿಗೆ ಹಾಕಿದ್ರೆ ಶಾಯಿ ಮಾಸುತ್ತದೆ. ತುಕ್ಕು ಹಿಡಿದ ಗುಂಡುಸೂಜಿ ಎಲ್ಲಾ ತೆಗೆದೆ. ಲ್ಯಾಮಿನೇಷನ್ ಮಾಡ್ಸಿ ಅಂತ ಸುಮಾರು ಜನ ಹೇಳಿದರು, ಒಪ್ಪಲಿಲ್ಲ. ಒಮ್ಮೆ ಮಾಡಿಸಿದ್ರೆ ಕಾಗದ ಹರಿಯದೆ ಬಿಡಿಸೋಕೆ ಆಗೋದಿಲ್ಲ.

ಜಾಸ್ತಿ ವಾದ ಆಗಿದ್ದು ಜೋಡಿಸುವ ವಿಷಯಕ್ಕೆ. ಊರುವಾರು ಬೇರೆ ಮಾಡು ಅಂದವರೇ ಎಲ್ಲರೂ. ನಾನು ಕಟ್ಟಿದ ಗಂಟು ಕಟ್ಟಿದ ಹಾಗೇ ಇರಲಿ ಅಂದೆ. ಒಂದು ಗಂಟಿನಲ್ಲಿ ಮೇಲೆ ಕಚೇರಿಯ ಟಪಾಲು ಮೊಹರು ಬಿದ್ದ ಮನವಿ, ಅದರ ಕೆಳಗೆ ಸಹಿ ಮತ್ತು ಹೆಬ್ಬೆಟ್ಟಿನ ಪಟ್ಟಿ, ಅದಕ್ಕೇ ದಾರದಿಂದ ಹೊಲಿದ, ಅಂಗೈಯಷ್ಟೂ ಇಲ್ಲದ ರಸೀದಿಗಳು, ಕಾಡಿನ ಜಾಗದಲ್ಲಿ ಸಾಗುವಳಿ ಮಾಡಿದ್ದಕ್ಕೆ ಅರಣ್ಯ ಇಲಾಖೆ ಹಾಕಿದ ದಂಡದ್ದು. ಬೇರೆ ಬೇರೆ ಮಾಡಿದ್ರೆ ರಸೀದಿ ಸುಮ್ನೆ ಚೀಟಿ. ಒಟ್ಟಿಗೆ ಇದ್ರೆ ಆ ವರ್ಷ ಆ ಜಾಗದಲ್ಲಿ ಆ ಮನೆಯವರು ಸಾಗುವಳಿ ಮಾಡ್ತಾ ಇದ್ರು ಅನ್ನೋದು ಕಾಣುತ್ತದೆ.

2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಕಾಡಿನ ಜಾಗದ ಹಕ್ಕು ಬೇಕಾದರೆ ಬುಡಕಟ್ಟಿಗೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದೆವು ಅಂತ ತೋರಿಸಬೇಕು. ಒಂದೇ ಸಾಕ್ಷ್ಯ ಸಾಲದು, ಒಂದಕ್ಕಿಂತ ಜಾಸ್ತಿ ಬೇಕು. ಹಿರಿಯರ ಲಿಖಿತ ಹೇಳಿಕೆಯೂ ನಡೆಯುತ್ತದೆ. ರಸೀದಿಯೊಂದರಿಂದಲೇ 75 ವರ್ಷ ಸಾಬೀತಾಗೋದಿಲ್ಲ ಬಿಡಿ, ಆದ್ರೆ ಅಜ್ಜನ ಮಾತಿಗೆ ಜೊತೆ ಕೊಡುತ್ತದೆ. ಹಳೆ ಸದಸ್ಯರೊಬ್ಬರು ನಕ್ಕರು: "ಎಂತ ತಮಾ, ದಂಡ ಕಟ್ಟಿದ ಚೀಟಿ ಹೀಗೆ ಉಪಯೋಗಕ್ಕೆ ಬರ್ತದೆ ಅಂದ್ಕಂಡಿದ್ವಾ?"

ಊರುವಾರು ಪಟ್ಟಿ ಎಕ್ಸೆಲ್‌ನಲ್ಲಿ ಮಾಡಿದೆ: ಊರು, ವರ್ಷ, ಗಂಟಿನ ನಂಬರು. ಹುಡುಕುವವರಿಗೆ ಅಷ್ಟು ಸಾಕು. ಸ್ಕ್ಯಾನ್ 300 ಡಿಪಿಐ, ಫೈಲಿಗೂ ಗಂಟಿನ ನಂಬರೇ ಹೆಸರು. ಎರಡು ಹಾರ್ಡ್ ಡಿಸ್ಕ್‌ಗೆ ಹಾಕಿ, ಒಂದನ್ನು ಘಟ್ಟದ ಮೇಲೆ ಶಿರಸಿಯ ಗೆಳೆಯರ ಮನೆಯಲ್ಲಿ ಇಟ್ಟಿದ್ದೇನೆ.

ಆಧಾರ್ ನಕಲು, ಜಾತಿ ಪ್ರಮಾಣಪತ್ರ, ಕೇಸಿನ ಹೇಳಿಕೆ ಇರುವ ಗಂಟುಗಳು ಮಾತ್ರ ಬೀಗದೊಳಗೆ. ಅವನ್ನು ವಾಟ್ಸಾಪ್ ಗುಂಪಿಗೆ ಹಾಕಿ ಅಂತ ಕೇಳಿದವರಿಗೆ ಇಲ್ಲ ಅಂದೆ. ಸಂಬಂಧಪಟ್ಟ ಮನೆಯವರು ಬಂದ್ರೆ ಅಲ್ಲೇ ತೋರಿಸಿ ಜೆರಾಕ್ಸ್ ಕೊಡ್ತೇವೆ.

ಬಾಕಿ ಇರೋದು ಫೋಟೊ. ಗ್ರಾಮಸಭೆಗೆ ಒಯ್ದು ಹಿರಿಯರಿಗೆ ತೋರಿಸಿ ಹೆಸರು ಕೇಳ್ತಾ ಇದ್ದೇನೆ. ಹಿಂಬದಿಗೆ ಮೆತ್ತನೆ ಪೆನ್ಸಿಲ್‌ನಲ್ಲಿ ಬರೀಬೇಕು, ಬಾಲ್‌ಪೆನ್ ಒತ್ತಿದ್ರೆ ಮುಂದಿನ ಮುಖದ ಮೇಲೆ ಗೀರು ಏಳುತ್ತದೆ.