ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ದೂರ, ಪ್ರಯಾಣದ ಹೊತ್ತು ನಾನು ಲೆಕ್ಕ ಹಾಕುವ ಬಗೆ

ವಿಮಾನ ದೂರ ಅಂದಾಜು ಮಾಡಲು ಗೋಡೆಗೆ ತೂಗುಹಾಕಿದ ಭೂಪಟ ಕೆಲಸಕ್ಕೆ ಬಾರದು. ಅದರಲ್ಲಿ ಗೆರೆ ಎಳೆದರೆ ಆಫ್ರಿಕಾ, ಅಟ್ಲಾಂಟಿಕ್ ದಾಟಿ ಹೋಗುತ್ತದೆ. ಗ್ಲೋಬಿನ ಮೇಲೆ ದಾರ ಬಿಗಿಹಿಡಿದರೆ ಟಿಬೆಟ್, ಸೈಬೀರಿಯಾ ಹಾದು, ಹತ್ತಿರಹತ್ತಿರ 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಆಮೇಲೆ ಅಮೆರಿಕದ ಕಡೆ ಇಳಿಯುತ್ತದೆ. ನಿಜವಾದ ಹತ್ತಿರದ ದಾರಿ ಅದು.

ನಾನು ಎಕ್ಸೆಲ್‌ನಲ್ಲಿ ಹಾಕುವುದು ಹೀಗೆ. ಬೆಂಗಳೂರು ವಿಮಾನ ನಿಲ್ದಾಣ 13.20 ಉತ್ತರ, 77.71 ಪೂರ್ವ. ಸ್ಯಾನ್ ಫ್ರಾನ್ಸಿಸ್ಕೊ 37.62 ಉತ್ತರ, 122.37 ಪಶ್ಚಿಮ. ಎಲ್ಲವನ್ನೂ ಮೊದಲು ರೇಡಿಯನ್‌ಗೆ (ಕೋನ ಅಳೆಯುವ ಇನ್ನೊಂದು ಮಾನ) ತಿರುಗಿಸಬೇಕು, ಡಿಗ್ರಿಯಲ್ಲೇ ಬಿಟ್ಟರೆ ಉತ್ತರಕ್ಕೆ ತಲೆಬುಡ ಇರುವುದಿಲ್ಲ. ಎರಡೂ ಅಕ್ಷಾಂಶಗಳ ಸೈನ್ ಗುಣಿಸಿ. ಅದಕ್ಕೆ ಎರಡರ ಕೊಸೈನ್ ಹಾಗೂ ರೇಖಾಂಶ ವ್ಯತ್ಯಾಸದ ಕೊಸೈನ್ ಗುಣಿಸಿ ಬಂದದ್ದನ್ನು ಕೂಡಿಸಿ. ಮೊತ್ತದ ಆರ್ಕ್ ಕೊಸೈನ್ ತೆಗೆದು ಭೂಮಿಯ ತ್ರಿಜ್ಯವಾದ 6,371ರಿಂದ (ಕಿ.ಮೀ.) ಗುಣಿಸಿದರೆ ಸುಮಾರು 13,990 ಕಿ.ಮೀ. ಪಶ್ಚಿಮ ರೇಖಾಂಶಕ್ಕೆ ಮೈನಸ್ ಹಾಕದಿದ್ದರೆ 5,200ರ ಆಸುಪಾಸು ಬರುತ್ತದೆ. ಆಗ ನೀವು ತಲುಪಿರುವುದು ಕ್ಯಾಲಿಫೋರ್ನಿಯಾ ಅಲ್ಲ, ಚೀನಾದ ಶಾಂಡೊಂಗ್ ಕರಾವಳಿ!

ಹೊತ್ತಿನ ಲೆಕ್ಕ ಇಷ್ಟು ಕರಾರುವಾಕ್ಕಾಗಿ ಸಿಗದು. ಗಂಟೆಗೆ 900 ಕಿ.ಮೀ. ಹಿಡಿದರೆ ಹದಿನೈದೂವರೆ ಗಂಟೆ. ರನ್‌ವೇವರೆಗಿನ ಓಡಾಟ, ಏರುವುದು, ಇಳಿಯುವುದು ಎಂದು ಅರ್ಧ ಗಂಟೆ ಸೇರಿಸುತ್ತೇನೆ. ಆದರೆ 900 ಎನ್ನುವುದು ಗಾಳಿಯೊಳಗಿನ ವೇಗ. ದಾರಿಯುದ್ದಕ್ಕೂ ಸರಾಸರಿ ಗಂಟೆಗೆ 100 ಕಿ.ಮೀ. ಎದುರುಗಾಳಿ ಬಂದರೆ ಹಾರಾಟವೇ ಹದಿನೇಳೂವರೆ ಗಂಟೆಗೆ ಹೋಗುತ್ತದೆ. ಮೇಲಾಗಿ ದಾರದ ದಾರಿಯಲ್ಲಿ ವಿಮಾನ ಹೋಗುವುದೂ ಇಲ್ಲ. ಕ್ಯಾಬಿನ್ ಒತ್ತಡ ಇಳಿದರೆ 10,000 ಅಡಿಗೆ ಇಳಿಯಬೇಕು. ಟಿಬೆಟ್‌ನ ನೆಲವೇ ಅದಕ್ಕಿಂತ ಎತ್ತರ, ಹಾಗಾಗಿ ವಿಮಾನಗಳು ಸಾಮಾನ್ಯವಾಗಿ ಅದನ್ನು ಬಿಟ್ಟು ಸುತ್ತುಬಳಸಿ ಹೋಗುತ್ತವೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಬೋಯಿಂಗ್ 777 ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ನೇರವಾಗಿ ಬಂದದ್ದು ಉತ್ತರ ಧ್ರುವದ ಮೇಲಿಂದ.

ಟಿಕೆಟ್‌ನಲ್ಲಿರುವುದು ಆಯಾ ಊರಿನ ಗಡಿಯಾರದ ಹೊತ್ತು. ಎರಡನ್ನೂ ಯುಟಿಸಿಗೆ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಕಾಲ) ತಂದೇ ಕಳೆಯಬೇಕು. ಚಳಿಗಾಲದಲ್ಲಿ ಬೆಂಗಳೂರಿಂದ ಸೋಮವಾರ ಮಧ್ಯಾಹ್ನ 2ಕ್ಕೆ ಹೊರಟು ಹದಿನಾರೂವರೆ ಗಂಟೆ ಹಾರಿದರೆ ಅಲ್ಲಿ ಇಳಿಯುವುದು ಅದೇ ಸೋಮವಾರ ಸಂಜೆ 5ಕ್ಕೆ. ಗಡಿಯಾರ ನೋಡಿದರೆ ಮೂರೇ ಗಂಟೆ. ವ್ಯತ್ಯಾಸ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಹನ್ನೆರಡೂವರೆ. ಕರೆದುಕೊಂಡು ಬರಲು ಹೋಗುವವರು ಒಂದು ಗಂಟೆ ತಪ್ಪುವುದು ಇಲ್ಲೇ.

ನಡುವೆ ವಿಮಾನ ಬದಲಿಸುವುದಾದರೆ ಎರಡು ತುಂಡುಗಳನ್ನೂ ಬೇರೆಬೇರೆ ಲೆಕ್ಕ ಹಾಕಿ. ಫ್ರಾಂಕ್‌ಫರ್ಟ್ ಮೂಲಕ 7,400 ಮತ್ತು 9,150, ಒಟ್ಟು ಸುಮಾರು 16,550 ಕಿ.ಮೀ. ಸಿಂಗಾಪುರದ ಮೂಲಕ ಸುಮಾರು 16,770. ಒಂದು ಪಶ್ಚಿಮಕ್ಕೆ, ಇನ್ನೊಂದು ಪೂರ್ವಕ್ಕೆ, ಆದರೂ ಹೆಚ್ಚುಕಡಿಮೆ ಸಮ. ಹಾಗಾಗಿ ನಾನು ದೂರ ಬಿಟ್ಟು ನಡುವಿನ ಕಾಯುವಿಕೆಯನ್ನೇ ನೋಡುತ್ತೇನೆ: ಎರಡು ಗಂಟೆಗಿಂತ ಕಡಿಮೆಯಿದ್ದರೆ ಬೇಡ, ಐದು ದಾಟಿದರೂ ಬೇಡ.