ಅಡಿಕೆ ತೋಟದ ಅಂಗಳದಿಂದ ಬಾಹ್ಯಾಕಾಶ ನಿಲ್ದಾಣವನ್ನು ನೋಡುವ ಬಗೆ

ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ಗಂಟೆಗೆ 28,000 ಕಿಲೋಮೀಟರ್ ವೇಗದಲ್ಲಿ ಭೂಮಿಯನ್ನು ಸುತ್ತುತ್ತಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ನೋಡಲು ದೂರದರ್ಶಕವಾಗಲಿ ಬೈನಾಕ್ಯುಲರ್ ಆಗಲಿ ಬೇಕಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ನಮಗೆ ಕತ್ತಲೆಗೂ ಕೊರತೆಯಿಲ್ಲ. ನಮ್ಮ ತೊಡಕಿರುವುದು ಆಕಾಶದ ಅಂಚಿನಲ್ಲಿ: ಮುಂದೆ ತೋಟ, ಹಿಂದೆ ಗುಡ್ಡ ಇರುವ ಮನೆಗೆ ನಿಲ್ದಾಣ ಬಂದು ಹೋದದ್ದೇ ತಿಳಿಯದು. ಆದ್ದರಿಂದ ಮೊದಲು ಅಂಗಳವನ್ನು ಅಳೆಯಿರಿ.

ಹಗಲಿನಲ್ಲೇ ಅಂಗಳದ ನಡುವೆ ನಿಂತು, ಕೈಯನ್ನು ನೇರವಾಗಿ ಚಾಚಿ ಮುಷ್ಟಿ ಹಿಡಿಯಿರಿ. ಆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಕಣ್ಣಿನ ಮಟ್ಟದಿಂದ ಮುಷ್ಟಿಯ ಮೇಲೆ ಮುಷ್ಟಿ ಇಡುತ್ತಾ ಹೋಗಿ, ಮರದ ತಲೆ ಎಷ್ಟನೆಯ ಮುಷ್ಟಿಗೆ ಮುಗಿಯುತ್ತದೆ ಎಂಬುದನ್ನು ಎಲ್ಲ ದಿಕ್ಕಿಗೂ ಬರೆದಿಟ್ಟುಕೊಳ್ಳಿ. ನಮ್ಮಲ್ಲಿ ಪಶ್ಚಿಮದ ಅಡಿಕೆ ಸಾಲು ನಾಲ್ಕು ಮುಷ್ಟಿ, ಪೂರ್ವದ ಕೊಟ್ಟಿಗೆಯ ಮಾಡು ಎರಡು. ಇದನ್ನು ಅಳೆಯದೆ, ಆಕಾಶದಲ್ಲಿ ನಿಲ್ದಾಣ ಏರುವ ಗರಿಷ್ಠ ಎತ್ತರ 22 ಡಿಗ್ರಿ, ಅಂದರೆ ಎರಡೇ ಮುಷ್ಟಿ ಎಂದಿದ್ದ ಒಂದು ಸಂಜೆ ಮನೆಮಂದಿಯನ್ನೆಲ್ಲ ಅಂಗಳಕ್ಕೆ ಕರೆದಿದ್ದೆ. ಸೋಗೆಗಳ ನಡುವೆ ಮಿಣುಕು ಬೆಳಕೊಂದು ಎರಡು ಸಲ ಇಣುಕಿತೇ ಹೊರತು ಬೇರೇನೂ ಕಾಣಲಿಲ್ಲ. ಅಂಥ ಮನೆಯವರು ಅದು 50 ಡಿಗ್ರಿಗಿಂತ ಮೇಲೆ ಏರುವ ದಿನಕ್ಕಾಗಿ ಕಾಯಬೇಕು, ಇಲ್ಲವೇ ಬ್ಯಾಣಕ್ಕೋ (ಬಯಲಾದ ಹುಲ್ಲುಗಾವಲು) ಕೆರೆ ಏರಿಗೋ ಹೋಗಬೇಕು.

ದಿನ, ಹೊತ್ತು, ದಿಕ್ಕು, ಎತ್ತರಗಳು ನಾಸಾದ ‘ಸ್ಪಾಟ್ ದ ಸ್ಟೇಷನ್’ ಆ್ಯಪ್‌ನಲ್ಲಿ ಸಿಗುತ್ತವೆ. ಮಳೆಗಾಲದಲ್ಲಿ ಪ್ರಯತ್ನ ಬೇಡ, ದೀಪಾವಳಿ ಕಳೆಯಲಿ. ಬೆಳಗಿನ ಜಾವ ಕಣಿವೆಗಳಲ್ಲಿ ಮಂಜು ತುಂಬಿರುವುದರಿಂದ ಸಂಜೆಯ ಸಂಚಾರವೇ ವಾಸಿ.

ಹತ್ತು ನಿಮಿಷ ಮುಂಚೆ ದೀಪವಾರಿಸಿ, ಮೊಬೈಲ್ ಮುಚ್ಚಿಟ್ಟು ಕುಳಿತುಕೊಳ್ಳಿ. ನೈಋತ್ಯದಿಂದ ಈಶಾನ್ಯಕ್ಕೋ ವಾಯವ್ಯದಿಂದ ಆಗ್ನೇಯಕ್ಕೋ, ವಿಮಾನದಂತೆ ಮಿಟುಕದೆ, ಸದ್ದಿಲ್ಲದೆ ಸಾಗುವ ಬಿಳಿಯ ಬೆಳಕೇ ನಿಲ್ದಾಣ. ಅದಕ್ಕೆ ಸ್ವಂತ ಬೆಳಕಿಲ್ಲ: ನಮಗೆ ಕತ್ತಲಾಗಿದ್ದರೂ ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲಿರುತ್ತದೆ, ಆ ಬಿಸಿಲು ಅದರ ಸೌರಫಲಕಗಳಿಗೆ ಬಡಿದು ನಮ್ಮತ್ತ ಬರುತ್ತದೆ. ಪಟ್ಟಿಯಲ್ಲಿ ಮರೆಯಾಗುವ ಎತ್ತರ 48 ಡಿಗ್ರಿ ಎಂದಿದ್ದರೆ ಅದು ತಪ್ಪಲ್ಲ. ನಿಲ್ದಾಣ ಅಲ್ಲಿಗೆ ಬರುವಾಗ ಭೂಮಿಯ ನೆರಳನ್ನು ಹೊಕ್ಕು, ಕೆಲವೇ ಕ್ಷಣಗಳಲ್ಲಿ ತುಸು ಕೆಂಪಾಗಿ, ನಡು ಆಕಾಶದಲ್ಲೇ ಆರಿಹೋಗುತ್ತದೆ. ನನ್ನ ಮಟ್ಟಿಗೆ ನೋಡಲೇಬೇಕಾದ ಗಳಿಗೆ ಅದೇ.

ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು, 2000ದ ನವೆಂಬರ್ 2ರಿಂದ ಒಂದು ದಿನವೂ ಆ ಮನೆ ಖಾಲಿಯಾಗಿಲ್ಲವೆಂದೂ 2025ರಲ್ಲಿ ನಮ್ಮ ಶುಭಾಂಶು ಶುಕ್ಲಾ ಅಲ್ಲಿ 18 ದಿನ ಇದ್ದು ಬಂದರೆಂದೂ ಹೇಳಿ. 2030ರ ನಂತರ ಅದನ್ನು ಪೆಸಿಫಿಕ್ ಸಾಗರಕ್ಕೆ ಇಳಿಸುವ ಯೋಜನೆಯಿರುವುದರಿಂದ ಮುಂದಿನ ವರ್ಷಕ್ಕೆಂದು ಮುಂದೂಡಬೇಡಿ.

ಒಂದು ಸುತ್ತಿಗೆ ಅದಕ್ಕೆ ಸುಮಾರು 90 ನಿಮಿಷ ಸಾಕು. ಮೊದಲ ಸಲ ಪೂರ್ವಕ್ಕೆ ವಾಲಿ ಸಾಗಿದ್ದರೆ ಕೆಲವೊಮ್ಮೆ ಅದೇ ಸಂಜೆ ಪಶ್ಚಿಮದಲ್ಲಿ ತಗ್ಗಾಗಿ ಮತ್ತೆ ಕಾಣುತ್ತದೆ. ನಾಲ್ಕು ಮುಷ್ಟಿಯ ಅಡಿಕೆ ಸಾಲಿನವರು ಅದಕ್ಕೆ ಬ್ಯಾಟರಿ ಹಿಡಿದು ಬ್ಯಾಣಕ್ಕೇ ಹೋಗಬೇಕು.